ಉಳಿಕೆ ನೀರಿನಲ್ಲಿ ಎರಡು ಹೊಸ ಲೋಹ ಕಂಡ ವೈದ್ಯ: ವಿಲಿಯಂ ಹೈಡ್ ವೊಲಾಸ್ಟನ್

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರು, ಮಂಡ್ಯ ದಾಟಿ ಓಡುವ ಪೆಟ್ರೋಲ್ ಕಾರುಗಳಲ್ಲಿ, ಎಂಜಿನ್‌ನಿಂದ ಹೊಗೆ ಹೊರಬರುವ ದಾರಿಯಲ್ಲಿ, ಸ್ಟೀಲಿನ ಒಂದು ಡಬ್ಬಿ ಇರುತ್ತದೆ. ಗ್ಯಾರೇಜಿನವರು ಅದನ್ನು ಚಿಕ್ಕದಾಗಿ ಕ್ಯಾಟ್‌ಕಾನ್ ಅನ್ನುತ್ತಾರೆ. ಪೂರ್ತಿ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳಿರುವ ಸೆರಾಮಿಕ್ ತುಂಡು ಇದೆ. ಆ ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ ಮತ್ತು ರೋಡಿಯಂ ಎಂಬ ಮೂರು ಲೋಹಗಳಲ್ಲಿ ಎರಡನ್ನೋ ಮೂರನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಂಟಿಸಿರುತ್ತಾರೆ. ಒಂದು ಕಾರಿನಲ್ಲಿ ಎಲ್ಲ ಸೇರಿ ಕೆಲವೇ ಗ್ರಾಂ. ಆದರೆ ಆ ಕೆಲವು ಗ್ರಾಂಗಾಗಿಯೇ ಹಳೆಯ ಕ್ಯಾಟ್‌ಕಾನ್‌ಗಳನ್ನು ಕೊಳ್ಳುವವರಿದ್ದಾರೆ, ಕದಿಯುವವರೂ ಇದ್ದಾರೆ.

ಈ ಮೂರರಲ್ಲಿ ಎರಡು ಲೋಹಗಳನ್ನು ಕಂಡುಹಿಡಿದವರು ಒಬ್ಬರೇ. ಮೂರನೆಯದನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ದೊಡ್ಡ ಪ್ರಮಾಣದಲ್ಲಿ ಮಾರಿದವರೂ ಅವರೇ. ಅವರು ದೊಡ್ಡ ಕಾರ್ಖಾನೆ ಕಟ್ಟಲಿಲ್ಲ. ಲಂಡನ್ನಿನ ತಮ್ಮ ಮನೆಯ ಹಿಂದಿನ ಸಣ್ಣ ಪ್ರಯೋಗಶಾಲೆಯಲ್ಲಿ, ಬೇರೆಯವರಾದರೆ ಚೆಲ್ಲಿಬಿಡುತ್ತಿದ್ದ ಉಳಿಕೆ ದ್ರಾವಣವನ್ನು ಮತ್ತೆ ಮತ್ತೆ ಪರೀಕ್ಷಿಸಿ ಈ ಕೆಲಸ ಮಾಡಿದರು. ಅವರ ಹೆಸರು ವಿಲಿಯಂ ಹೈಡ್ ವೊಲಾಸ್ಟನ್. ಹಳೆಯ ಕ್ಯಾಟ್‌ಕಾನ್‌ನಿಂದ ಲೋಹ ಮರಳಿ ಪಡೆಯುವ ಇಂದಿನ ಉದ್ಯಮಕ್ಕೆ ಅವರ ಬದುಕಿನಲ್ಲಿ ಎರಡು ಪಾಠಗಳಿವೆ. ಒಂದನ್ನು ಎಲ್ಲರೂ ಅನುಸರಿಸಬೇಕು. ಇನ್ನೊಂದನ್ನು ಮನೆಯಲ್ಲಿ ಯಾರೂ ಅನುಸರಿಸಬಾರದು. ಯಾವುದು ಯಾವುದು ಎಂದು ನೋಡೋಣ.

ವೈದ್ಯವೃತ್ತಿ ಬಿಟ್ಟ ವೈದ್ಯ

ವೊಲಾಸ್ಟನ್ ಹುಟ್ಟಿದ್ದು 1766ರ ಆಗಸ್ಟ್ 6ರಂದು, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಈಸ್ಟ್ ಡೆರೆಹ್ಯಾಂ ಎಂಬ ಊರಿನಲ್ಲಿ. ತಂದೆ ಫ್ರಾನ್ಸಿಸ್ ವೊಲಾಸ್ಟನ್ ಪಾದ್ರಿ. ಬಿಡುವಿನಲ್ಲಿ ದೂರದರ್ಶಕ ಹಿಡಿದು ಆಕಾಶ ನೋಡುವ ಹವ್ಯಾಸದವರು. ಮನೆ ತುಂಬ ಹದಿನೇಳು ಮಕ್ಕಳು. ವಿಲಿಯಂ ಕೇಂಬ್ರಿಡ್ಜ್‌ನ ಕೀಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಓದಿ 1793ರಲ್ಲಿ ಎಂ.ಡಿ. ಪದವಿ ಪಡೆದರು. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯರೂ ಆದರು. ಸಣ್ಣ ಊರುಗಳಲ್ಲಿ ಕೆಲವು ವರ್ಷ ವೈದ್ಯಕೀಯ ಮಾಡಿ 1797ರಲ್ಲಿ ಲಂಡನ್‌ಗೆ ಬಂದರು.

ವೈದ್ಯವೃತ್ತಿ ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ರೋಗಿಗಳ ನೋವನ್ನು ದಿನವೂ ಎದುರಿಸುವುದು ಅವರಿಗೆ ಭಾರವಾಗಿತ್ತು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಬಯಸಿದ ಹುದ್ದೆಯೂ ಸಿಗಲಿಲ್ಲ. ಕುಟುಂಬದಿಂದ ಒಂದಷ್ಟು ಹಣ ಕೈಗೆ ಬಂದಾಗ, 1800ರಲ್ಲಿ, ವೃತ್ತಿ ಬಿಟ್ಟು ಪೂರ್ತಿಯಾಗಿ ರಸಾಯನಶಾಸ್ತ್ರಕ್ಕೆ ಇಳಿದರು. ಆಗ ಅವರ ವಯಸ್ಸು 34. ಮುಂದೆ ಮದುವೆಯೂ ಆಗಲಿಲ್ಲ.

ಜೊತೆಗೆ ಸಿಕ್ಕವರು ಕೇಂಬ್ರಿಡ್ಜ್‌ನ ಗೆಳೆಯ ಸ್ಮಿತ್‌ಸನ್ ಟೆನಂಟ್. ವಜ್ರವೂ ಇದ್ದಿಲೂ ಒಂದೇ ಇಂಗಾಲ ಎಂದು 1797ರಲ್ಲಿ ವಜ್ರವನ್ನೇ ಸುಟ್ಟು ತೋರಿಸಿದವರು ಇವರು. ಇಬ್ಬರೂ ಸೇರಿ ಒಂದು ವ್ಯಾಪಾರದ ಲೆಕ್ಕ ಹಾಕಿದರು. ದಕ್ಷಿಣ ಅಮೆರಿಕದಲ್ಲಿ, ಇಂದಿನ ಕೊಲಂಬಿಯಾದಲ್ಲಿ, ಚಿನ್ನ ಜಾಲಾಡುವಾಗ ಬೂದು ಬಣ್ಣದ ಭಾರವಾದ ಮರಳು ಸಿಗುತ್ತಿತ್ತು. ಅದು ಪ್ಲಾಟಿನಂ ಅದಿರು. ಚಿನ್ನ ಕರಗುವ ಶಾಖದಲ್ಲಿ ಅದು ಕರಗದು, ಸಾಮಾನ್ಯ ಆಮ್ಲಗಳಿಗೂ ಬಗ್ಗದು. ಉಪಯೋಗಕ್ಕೆ ತರುವುದು ಹೇಗೆಂದು ಸರಿಯಾಗಿ ತಿಳಿದವರು ಕಡಿಮೆ. ಹಾಗಾಗಿ ಬೆಲೆಯೂ ಕಡಿಮೆ. 1800ರ ಕ್ರಿಸ್‌ಮಸ್ ಹಿಂದಿನ ದಿನ ಇಬ್ಬರೂ ಸೇರಿ 795 ಪೌಂಡ್ ಕೊಟ್ಟು ಸುಮಾರು 6,000 ಔನ್ಸ್ ಅದಿರು ಕೊಂಡರು. ಇಂದಿನ ಲೆಕ್ಕದಲ್ಲಿ 185 ಕಿಲೋಗ್ರಾಂ ಹತ್ತಿರ.

ನವಸಾಗರದ ಹಳದಿ ಪುಡಿ

ಪ್ಲಾಟಿನಂ ಅನ್ನು ಕರಗಿಸಲು ಅವರ ಬಳಿ ಇದ್ದ ದಾರಿ ಆಕ್ವಾ ರೀಜಿಯಾ. ನೈಟ್ರಿಕ್ ಆಮ್ಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಈ ದ್ರವ, ಎರಡೂ ಆಮ್ಲಗಳು ಒಂಟಿಯಾಗಿ ಮಾಡಲಾಗದ್ದನ್ನು ಮಾಡುತ್ತದೆ. ಚಿನ್ನವನ್ನೂ ಪ್ಲಾಟಿನಂ ಅನ್ನೂ ಕರಗಿಸುತ್ತದೆ. ಕರಗಿದ ದ್ರಾವಣಕ್ಕೆ ಅಮೋನಿಯಂ ಕ್ಲೋರೈಡ್ ಹಾಕಿದರೆ ಪ್ಲಾಟಿನಂ ಹಳದಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಅಮೋನಿಯಂ ಕ್ಲೋರೈಡ್ ಎಂದರೆ ಹೊಸದೇನಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಅದೇ. ಆ ಹಳದಿ ಪುಡಿಯನ್ನು ಕಾಯಿಸಿದರೆ ಉಳಿದದ್ದು ಹಾರಿಹೋಗಿ ಸ್ಪಂಜಿನಂತಹ ಬೂದು ಪ್ಲಾಟಿನಂ ಸಿಗುತ್ತದೆ.

ಇಷ್ಟು ಬೇರೆಯವರಿಗೂ ಗೊತ್ತಿತ್ತು. ಆದರೆ ಆ ಸ್ಪಂಜನ್ನು ಬಿರುಕು ಬಿಡದ ಗಟ್ಟಿಯಾಗಿ ಮಾಡುವುದು ಕಷ್ಟವಾಗಿತ್ತು. ವೊಲಾಸ್ಟನ್ ಪ್ಲಾಟಿನಂ ಅನ್ನು ಕರಗಿಸುವ ಯೋಚನೆಯನ್ನೇ ಬಿಟ್ಟರು. ಸ್ಪಂಜನ್ನು ತುಂಬ ಮೃದುವಾಗಿ, ಹೊಳಪು ಬಾರದಂತೆ ಪುಡಿ ಮಾಡಿ, ನೀರಿನಲ್ಲಿ ತೊಳೆದು, ಒದ್ದೆ ಇರುವಾಗಲೇ ಅಚ್ಚಿನಲ್ಲಿ ಬಲವಾಗಿ ಒತ್ತಿ, ಒಣಗಿಸಿ, ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದರು. ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಂಡವು. ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಭಾಗಗಳನ್ನು ತಯಾರಿಸುವ ಇಂದಿನ ಪೌಡರ್ ಮೆಟಲರ್ಜಿಯ ಆರಂಭದ ದೊಡ್ಡ ಹೆಜ್ಜೆಗಳಲ್ಲಿ ಇದು ಒಂದು.

ಈ ಪ್ಲಾಟಿನಂನಿಂದ ಪ್ರಯೋಗಶಾಲೆಯ ಮೂಸೆಗಳು ತಯಾರಾದವು. ಬಂದೂಕಿನಲ್ಲಿ ಮದ್ದಿಗೆ ಕಿಡಿ ತಾಗುವ ರಂಧ್ರಕ್ಕೆ ಪ್ಲಾಟಿನಂ ಕೊಳವೆ ಬಂತು, ಏಕೆಂದರೆ ಅದು ತುಕ್ಕು ಹಿಡಿಯದು, ಸವೆಯದು. ಸಲ್ಫ್ಯೂರಿಕ್ ಆಮ್ಲವನ್ನು ಕುದಿಸಿ ಗಟ್ಟಿ ಮಾಡುವ ದೊಡ್ಡ ಹಂಡೆಗಳಿಗೂ ಅದನ್ನು ಬಳಸಿದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ವೊಲಾಸ್ಟನ್ ಒಂದು ಟನ್‌ಗೂ ಹೆಚ್ಚು ಪ್ಲಾಟಿನಂ ಶುದ್ಧಗೊಳಿಸಿದರು.

ಕಾಕಂಬಿಯನ್ನು ಚೆಲ್ಲದವರು

ನಮ್ಮ ಓದುಗರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಮುಂದಿನ ಭಾಗ ಸುಲಭವಾಗಿ ಅರ್ಥವಾದೀತು. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ವ್ಯರ್ಥವಲ್ಲ, ಅದೇ ಒಲೆಗೆ ಉರುವಲು. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯೂ ವ್ಯರ್ಥವಲ್ಲ. ಅದನ್ನು ಹುದುಗು ಬರಿಸಿ ಆಲ್ಕೋಹಾಲ್ ಮಾಡುತ್ತಾರೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ಈ ಊರಿಗೆ ಕಾಕಂಬಿಯ ಬೆಲೆ ಗೊತ್ತು. ಮುಖ್ಯ ಸರಕು ತೆಗೆದ ಮೇಲೆ ಉಳಿದದ್ದರಲ್ಲೂ ಏನೋ ಇರುತ್ತದೆ ಎಂಬುದು ಇಲ್ಲಿ ಯಾರೂ ಪುಸ್ತಕ ಓದಿ ಕಲಿತದ್ದಲ್ಲ.

ವೊಲಾಸ್ಟನ್ ಮಾಡಿದ್ದೂ ಇದೇ. ಹಳದಿ ಪುಡಿ ತಳಕ್ಕೆ ಇಳಿದ ಮೇಲೆ ಮೇಲಿನ ದ್ರಾವಣದಲ್ಲಿ ಇನ್ನೂ ಬಣ್ಣ ಇತ್ತು. ಅದರೊಳಗೆ ಕಬ್ಬಿಣದಂತಹ ಅಗ್ಗದ ಲೋಹ ಇಟ್ಟರೆ ಕಪ್ಪು ಪುಡಿಯೊಂದು ಬೇರ್ಪಟ್ಟು ಕೂರುತ್ತಿತ್ತು. ಅದನ್ನು ಪ್ಲಾಟಿನಂ ಎಂದುಕೊಂಡು ಮತ್ತೆ ಕರಗಿಸಿ ನವಸಾಗರ ಹಾಕಿದರೆ, ಬರಬೇಕಾದಷ್ಟು ಪ್ಲಾಟಿನಂ ಬರಲಿಲ್ಲ. ಹಾಕಿದ ತೂಕಕ್ಕೂ ಬಂದ ತೂಕಕ್ಕೂ ತಾಳೆಯಾಗಲಿಲ್ಲ. ಅಂದರೆ ಒಳಗೆ ಬೇರೇನೋ ಇದೆ.

1802ರಲ್ಲಿ ಅವರು ಆ ಉಳಿಕೆಯಿಂದ ಪಾದರಸದ ನೆರವಿನಲ್ಲಿ ಬಿಳಿಯ ಹೊಸ ಲೋಹವೊಂದನ್ನು ಬೇರ್ಪಡಿಸಿದರು. ಪಾದರಸವನ್ನು ಕಾಯಿಸಿ ಹಾರಿಸಿದಾಗ ಉಳಿದ ಆ ಲೋಹಕ್ಕೆ ಪಲ್ಲಾಡಿಯಂ ಎಂದು ಹೆಸರಿಟ್ಟರು. ಅದೇ ವರ್ಷ ಖಗೋಳಜ್ಞರು ಕಂಡುಹಿಡಿದಿದ್ದ ಪಲ್ಲಾಸ್ ಎಂಬ ಕ್ಷುದ್ರಗ್ರಹದಿಂದ ಬಂದ ಹೆಸರು ಅದು.

ಪಲ್ಲಾಡಿಯಂ ತೆಗೆದ ಮೇಲೂ ಲೆಕ್ಕ ತಾಳೆಯಾಗಲಿಲ್ಲ. ಉಳಿದ ದ್ರಾವಣಕ್ಕೆ ಅಡುಗೆ ಉಪ್ಪು ಬೆರೆಸಿ ಇಂಗಿಸಿ, ಬಂದ ಉಪ್ಪನ್ನು ಆಲ್ಕೋಹಾಲ್‌ನಲ್ಲಿ ತೊಳೆದರು. ಪ್ಲಾಟಿನಂ ಮತ್ತು ಪಲ್ಲಾಡಿಯಂನ ಲವಣಗಳು ಆಲ್ಕೋಹಾಲ್‌ನಲ್ಲಿ ಕರಗಿ ಹೋದವು. ಕರಗದೆ ಉಳಿದದ್ದು ಗಾಢ ಕೆಂಪು ಲವಣ. ಅದರಿಂದ ಬಂದ ಲೋಹಕ್ಕೆ, ಗ್ರೀಕ್ ಭಾಷೆಯ ಗುಲಾಬಿ ಎಂಬ ಪದದಿಂದ, ರೋಡಿಯಂ ಎಂಬ ಹೆಸರು ಬಂತು. 1804ರ ಜೂನ್‌ನಲ್ಲಿ ಅದನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. ಇತ್ತ ಗೆಳೆಯ ಟೆನಂಟ್, ಆಕ್ವಾ ರೀಜಿಯಾದಲ್ಲೂ ಕರಗದೆ ತಳದಲ್ಲಿ ಉಳಿದ ಕಪ್ಪು ಪುಡಿಯನ್ನು ಹಿಡಿದು ಕೂತಿದ್ದರು. ಅದರಲ್ಲಿ ಅವರಿಗೆ ಆಸ್ಮಿಯಂ ಮತ್ತು ಇರಿಡಿಯಂ ಸಿಕ್ಕವು. ಒಂದೇ ಅದಿರಿನ ಉಳಿಕೆಯಲ್ಲಿ ಇಬ್ಬರು ಗೆಳೆಯರಿಗೆ ನಾಲ್ಕು ಮೂಲವಸ್ತುಗಳು.

ಹೆಸರಿಲ್ಲದ ಕರಪತ್ರ

ಇಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಪ್ಲಾಟಿನಂ ವ್ಯಾಪಾರದ ಗುಟ್ಟು ಹೊರಬೀಳಬಾರದೆಂದು ವೊಲಾಸ್ಟನ್ ಪಲ್ಲಾಡಿಯಂ ಬಗ್ಗೆ ಪ್ರಬಂಧ ಬರೆಯಲಿಲ್ಲ. ಆದರೆ ಬೇರೆ ಯಾರಾದರೂ ಮೊದಲು ಕಂಡುಹಿಡಿದೆವು ಎಂದುಬಿಟ್ಟರೆ? 1803ರ ಏಪ್ರಿಲ್‌ನಲ್ಲಿ ಲಂಡನ್ನಿನ ರಸಾಯನಜ್ಞರ ಕೈಗೆ ಹೆಸರಿಲ್ಲದ ಒಂದು ಕರಪತ್ರ ಬಂತು. ಪಲ್ಲಾಡಿಯಂ ಅಥವಾ ಹೊಸ ಬೆಳ್ಳಿ ಎಂಬ ಲೋಹ ಸೋಹೋದ ಜೆರಾರ್ಡ್ ಬೀದಿಯ ಅಂಗಡಿಯೊಂದರಲ್ಲಿ, ಐದು ಶಿಲಿಂಗ್‌ನಿಂದ ಶುರುವಾಗಿ, ಮಾರಾಟಕ್ಕಿದೆ ಎಂದು ಅದರಲ್ಲಿತ್ತು. ಗುಣಗಳ ಪಟ್ಟಿಯಿತ್ತು. ಕಂಡುಹಿಡಿದವರು ಯಾರೆಂದು ಇರಲಿಲ್ಲ.

ವಿಜ್ಞಾನಿಗಳಿಗೆ ಇದು ಮೋಸದಂತೆ ಕಂಡದ್ದು ಸಹಜ. ಇಂದು ವಾಟ್ಸಾಪ್‌ನಲ್ಲಿ ಮೂಲವಿಲ್ಲದ ಸಂದೇಶ ಬಂದರೆ ನಾವು ಅನುಮಾನ ಪಡುವುದಿಲ್ಲವೇ? ಐರ್ಲೆಂಡಿನ ರಿಚರ್ಡ್ ಶೆನೆವಿಕ್ಸ್ ಎಂಬ ರಸಾಯನಜ್ಞ ಅಂಗಡಿಯಲ್ಲಿದ್ದ ದಾಸ್ತಾನನ್ನೆಲ್ಲ ಕೊಂಡು ಪರೀಕ್ಷಿಸಿದರು. ಇದು ಹೊಸ ಲೋಹವಲ್ಲ, ಪ್ಲಾಟಿನಂ ಮತ್ತು ಪಾದರಸದ ಮಿಶ್ರಣ ಎಂದು ರಾಯಲ್ ಸೊಸೈಟಿಗೆ ವರದಿ ಕೊಟ್ಟರು. ಆದರೆ ಅವರ ವಿಧಾನ ಅನುಸರಿಸಿದ ಬೇರೆಯವರಿಗೆ ಆ ಮಿಶ್ರಣ ಬರಲಿಲ್ಲ. ಆಗ ಪತ್ರಿಕೆಯೊಂದರಲ್ಲಿ ಮತ್ತೆ ಹೆಸರಿಲ್ಲದ ಪ್ರಕಟಣೆ ಬಂತು: ಸಾಕ್ಷಿಗಳ ಎದುರು ಇಪ್ಪತ್ತು ಗ್ರೇನ್ ಪಲ್ಲಾಡಿಯಂ ಕೃತಕವಾಗಿ ತಯಾರಿಸಿದವರಿಗೆ ಇಪ್ಪತ್ತು ಪೌಂಡ್ ಬಹುಮಾನ. ಯಾರೂ ಬಹುಮಾನ ಪಡೆಯಲಿಲ್ಲ. 1805ರ ಆರಂಭದಲ್ಲಿ ವೊಲಾಸ್ಟನ್ ತಾವೇ ಅದನ್ನು ಕಂಡುಹಿಡಿದವರು ಎಂದು ಬಹಿರಂಗಪಡಿಸಿದರು.

ಈ ಪ್ರಸಂಗದಲ್ಲಿ ವೊಲಾಸ್ಟನ್ ಹೇಳಿದ ವಿಷಯ ಸರಿಯಾಗಿತ್ತು. ಆದರೆ ಹೇಳಿದ ರೀತಿ ಸರಿ ಎಂದು ನಮಗೆ ಅನ್ನಿಸುವುದಿಲ್ಲ. ಮೂಲ, ವಿಧಾನ ಎರಡನ್ನೂ ಮುಚ್ಚಿಟ್ಟಿದ್ದರಿಂದ ಒಬ್ಬ ಸಮರ್ಥ ರಸಾಯನಜ್ಞ ತಪ್ಪು ತೀರ್ಮಾನಕ್ಕೆ ಬಂದು ಹೆಸರು ಕೆಡಿಸಿಕೊಂಡರು. ನಿಜವಾದ ಸಂಗತಿಯೂ ಆಧಾರ ಕೊಡದೆ ಬಂದರೆ ಸುಳ್ಳಿನಂತೆಯೇ ಕಾಣುತ್ತದೆ.

ಚಹಾ ತಟ್ಟೆಯ ಪ್ರಯೋಗಶಾಲೆ

ವೊಲಾಸ್ಟನ್ ಲೋಹಕ್ಕಷ್ಟೇ ಅಂಟಿಕೊಂಡವರಲ್ಲ. 1802ರಲ್ಲಿ ಸೂರ್ಯನ ಬೆಳಕಿನ ರೋಹಿತದಲ್ಲಿ ಕಪ್ಪು ಗೆರೆಗಳನ್ನು ಗಮನಿಸಿದರು. ಚಿತ್ರ ಬರೆಯುವವರಿಗೆ ಎದುರಿನ ದೃಶ್ಯವನ್ನು ಕಾಗದದ ಮೇಲೆ ಮೂಡಿದಂತೆ ತೋರಿಸುವ ಕ್ಯಾಮೆರಾ ಲೂಸಿಡಾ ರೂಪಿಸಿದರು. ಹರಳುಗಳ ಕೋನ ಅಳೆಯುವ ಉಪಕರಣ ತಯಾರಿಸಿದರು. 1810ರಲ್ಲಿ ಮೂತ್ರಕೋಶದ ಕಲ್ಲೊಂದರಲ್ಲಿ ಹೊಸ ವಸ್ತುವನ್ನು ಗುರುತಿಸಿದರು. ಇಂದು ನಾವು ಸಿಸ್ಟೀನ್ ಎನ್ನುವ ಅಮೈನೋ ಆಮ್ಲ ಅದು. ಬಿಟ್ಟ ವೈದ್ಯಶಾಸ್ತ್ರಕ್ಕೂ ಹೀಗೆ ಒಂದು ಕೊಡುಗೆ ಸಂದಿತು.

ಅವರ ಪ್ರಯೋಗಶಾಲೆ ನೋಡಲು ಬಂದವರಿಗೆ ಒಂದು ಚಹಾ ತಟ್ಟೆಯ ಮೇಲಿದ್ದ ಕೆಲವು ಗಾಜಿನ ಬಿಲ್ಲೆ, ಸಣ್ಣ ತಕ್ಕಡಿ, ಊದುಕೊಳವೆ ತೋರಿಸಿ ಇಷ್ಟೇ ಎಂದರಂತೆ ಎಂಬ ಕಥೆ ಪ್ರಚಲಿತ. ತುಂಬ ಸಣ್ಣ ಪ್ರಮಾಣದಲ್ಲಿ ನಿಖರವಾಗಿ ಕೆಲಸ ಮಾಡುವುದು ಅವರ ಹೆಗ್ಗಳಿಕೆಯಾಗಿತ್ತು. ಕೇಂಬ್ರಿಡ್ಜ್‌ನಲ್ಲಿ ಉಳಿದಿರುವ ಅವರ ಟಿಪ್ಪಣಿ ಪುಸ್ತಕಗಳಲ್ಲಿ ಕೊಂಡ ಅದಿರು, ಬಂದ ಲೋಹ, ಮಾರಿದ ಬೆಲೆಗಳ ಲೆಕ್ಕ ಇದೆ. ಅವರ ಆವಿಷ್ಕಾರಗಳ ಹಿಂದಿದ್ದ ಮುಖ್ಯ ಸಾಧನ ಆಮ್ಲಕ್ಕಿಂತ ಹೆಚ್ಚಾಗಿ ತಕ್ಕಡಿ.

1815ರಲ್ಲಿ ಟೆನಂಟ್ ಫ್ರಾನ್ಸಿನಲ್ಲಿ ಸೇತುವೆ ಕುಸಿದು ತೀರಿಕೊಂಡರು. 1820ರಲ್ಲಿ ವೊಲಾಸ್ಟನ್ ಕೆಲವು ತಿಂಗಳು ರಾಯಲ್ ಸೊಸೈಟಿಯ ಹಂಗಾಮಿ ಅಧ್ಯಕ್ಷರಾಗಿದ್ದರು. ಆ ಸ್ಥಾನಕ್ಕೆ ಹಂಫ್ರಿ ಡೇವಿಯೊಡನೆ ಸ್ಪರ್ಧಿಸಲಿಲ್ಲ. 1828ರಲ್ಲಿ ದೇಹದ ಒಂದು ಭಾಗ ಜೋಮು ಹಿಡಿಯತೊಡಗಿದಾಗ ಮಿದುಳಿನ ಕಾಯಿಲೆ ಎಂದು ವೈದ್ಯರಾಗಿದ್ದ ಅವರಿಗೇ ಗೊತ್ತಾಯಿತು. ಉಳಿದ ದಿನಗಳಲ್ಲಿ ಬರೆಯದೆ ಬಿಟ್ಟಿದ್ದ ಪ್ರಬಂಧಗಳನ್ನು ಹೇಳಿ ಬರೆಸಿದರು. ಸುಮಾರು ಕಾಲು ಶತಮಾನ ಗುಟ್ಟಾಗಿಟ್ಟಿದ್ದ ಪ್ಲಾಟಿನಂ ವಿಧಾನ ಆ ನವೆಂಬರ್‌ನಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಒಂದು ತಿಂಗಳ ನಂತರ, ಡಿಸೆಂಬರ್ 22ರಂದು, 62ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಕೊಟ್ಟ 1,000 ಪೌಂಡ್‌ನಿಂದ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ ವೊಲಾಸ್ಟನ್ ಪದಕ ಆರಂಭಿಸಿತು. ಇಂದು ಆ ಪದಕವನ್ನು ಪಲ್ಲಾಡಿಯಂನಿಂದಲೇ ಮಾಡುತ್ತಾರೆ.

ಅವರ ಕಾಲದಲ್ಲಿ ಪಲ್ಲಾಡಿಯಂಗೂ ರೋಡಿಯಂಗೂ ಹೆಚ್ಚು ಗಿರಾಕಿಗಳಿರಲಿಲ್ಲ. ಕಾರು ಎಂಬುದೇ ಇರಲಿಲ್ಲ.

ವೇಗವರ್ಧಕ ಸವೆಯುವುದಿಲ್ಲ ಎಂಬುದು ನಿಜವೇ?

ಪ್ಲಾಟಿನಂಗೆ ಇನ್ನೊಂದು ಗುಣವಿದೆ ಎಂದು ವೊಲಾಸ್ಟನ್ ಬದುಕಿದ್ದಾಗಲೇ ತಿಳಿಯಿತು. 1817ರಲ್ಲಿ ಡೇವಿ, ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಕಾದ ಪ್ಲಾಟಿನಂ ತಂತಿ ಜ್ವಾಲೆಯಿಲ್ಲದೆ ಕೆಂಪಗೆ ಹೊಳೆಯುವುದನ್ನು ಕಂಡರು. 1823ರಲ್ಲಿ ಜರ್ಮನಿಯ ಡೋಬರೈನರ್, ಪ್ಲಾಟಿನಂ ಸ್ಪಂಜಿನ ಮೇಲೆ ಹೈಡ್ರೋಜನ್ ಹಾಯಿಸಿ ಬೆಂಕಿ ಹೊತ್ತಿಸಿದರು. ತಾನು ಖರ್ಚಾಗದೆ ಬೇರೆ ವಸ್ತುಗಳ ಕ್ರಿಯೆಯನ್ನು ಚುರುಕುಗೊಳಿಸುವ ಇಂತಹ ವಸ್ತುವೇ ಕ್ಯಾಟಲಿಸ್ಟ್, ಅಂದರೆ ವೇಗವರ್ಧಕ. ಕಾರಿನಲ್ಲಿ ಇದು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಅನ್ನು ಕಾರ್ಬನ್ ಡೈಆಕ್ಸೈಡ್ ಆಗಿಸುತ್ತದೆ. ಸುಡದೆ ಉಳಿದ ಇಂಧನವನ್ನು ಸುಡುತ್ತದೆ. ರೋಡಿಯಂ ನೈಟ್ರೋಜನ್ ಆಕ್ಸೈಡ್‌ಗಳನ್ನು ಒಡೆದು ನಾವು ಉಸಿರಾಡುವ ಗಾಳಿಯಲ್ಲಿರುವ ಸಾಧಾರಣ ನೈಟ್ರೋಜನ್ ಆಗಿಸುತ್ತದೆ.

ಶಾಲೆಯಲ್ಲಿ ವೇಗವರ್ಧಕ ಸವೆಯುವುದಿಲ್ಲ ಎಂದು ಓದಿರುತ್ತೇವೆ. ಹಾಗಾದರೆ ಕ್ಯಾಟ್‌ಕಾನ್ ಹಾಳಾಗುವುದೇಕೆ? ಲೋಹ ಖರ್ಚಾಗುವುದಿಲ್ಲ, ಆದರೆ ಅದರ ಕೆಲಸ ನಿಲ್ಲಬಹುದು. ಅತಿ ಶಾಖದಲ್ಲಿ ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಹೊರಮೈ ಕಡಿಮೆಯಾಗುತ್ತದೆ. ಎಂಜಿನ್ ಆಯಿಲ್‌ನ ರಂಜಕ, ಇಂಧನದ ಗಂಧಕ ಮೇಲೆ ಕೂತು ಮುಚ್ಚುತ್ತವೆ. ಸೀಸ ಬೆರೆಸಿದ ಪೆಟ್ರೋಲ್ ಅಂತೂ ಕ್ಯಾಟ್‌ಕಾನ್‌ಗೆ ನೇರ ವಿಷ. 1995ರಲ್ಲಿ ನಮ್ಮ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್‌ಕಾನ್ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲನ್ನೂ ತರಬೇಕಾಯಿತು. 2000ದ ಹೊತ್ತಿಗೆ ಅದು ದೇಶಕ್ಕೆಲ್ಲ ಬಂತು.

ಹಾಗಾಗಿ ಕೆಲಸ ನಿಲ್ಲಿಸಿದ ಕ್ಯಾಟ್‌ಕಾನ್‌ನಲ್ಲೂ ಬಹುಪಾಲು ಲೋಹ ಹಾಗೆಯೇ ಇರುತ್ತದೆ. ಗಣಿಯ ಅದಿರಿನಲ್ಲಿ ಒಂದು ಟನ್‌ಗೆ ಈ ಲೋಹಗಳು ಕೆಲವೇ ಗ್ರಾಂ. ಕ್ಯಾಟ್‌ಕಾನ್‌ನ ಸೆರಾಮಿಕ್‌ನಲ್ಲಿ ಒಂದು ಟನ್‌ಗೆ ಕಿಲೋಗ್ರಾಂ ಲೆಕ್ಕದಲ್ಲಿ ಇರಬಹುದು. ಭಾರತ ಈ ಲೋಹಗಳನ್ನು ಬಹುತೇಕ ಆಮದು ಮಾಡಿಕೊಳ್ಳುತ್ತದೆ. ನಮ್ಮ ರಸ್ತೆಗಳಲ್ಲಿ ಓಡುವ ಗಾಡಿಗಳೇ ಒಂದು ಗಣಿ ಎಂದರೆ ತಪ್ಪಲ್ಲ. ರಸಗೊಬ್ಬರ ಮತ್ತು ನೈಟ್ರಿಕ್ ಆಮ್ಲದ ಕಾರ್ಖಾನೆಗಳಲ್ಲೂ ಇದೇ ಕಥೆ. ಅಲ್ಲಿನ ಪ್ಲಾಟಿನಂ–ರೋಡಿಯಂ ಜಾಲರಿಯಿಂದ ಬಿಸಿಗೆ ಹಾರುವ ಪ್ಲಾಟಿನಂ ಅನ್ನು ಹಿಡಿಯಲು ಕೆಳಗೆ ಪಲ್ಲಾಡಿಯಂ ಜಾಲರಿ ಇಡುತ್ತಾರೆ.

ಶಿವನಸಮುದ್ರದಿಂದ ಕೋಲಾರಕ್ಕೆ

ಉಳಿಕೆಯ ಬಗ್ಗೆ ಯೋಚಿಸುವಾಗ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನೂ ನೆನೆಯಬೇಕು. ಕಾವೇರಿಯಿಂದ ಅಲ್ಲಿ ತಯಾರಾದ ವಿದ್ಯುತ್ 1902ರಲ್ಲಿ ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ. ಅಲ್ಲಿ ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದು, ಉಳಿದ ಪುಡಿಯನ್ನು ರಾಶಿ ಹಾಕಿದರು. ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಮಾತ್ರ ಕೆ.ಜಿ.ಎಫ್. ಊರಿನ ನಡುವೆ ಇಂದಿಗೂ ನಿಂತಿವೆ. ಅವುಗಳಲ್ಲಿ ಒಂದಿಷ್ಟು ಚಿನ್ನವೂ ಇದೆ, ಬೇಸಿಗೆಯ ಗಾಳಿಗೆ ಊರಿನ ಮೇಲೆ ಹಾರುವ ಧೂಳೂ ಇದೆ. ಅಮೂಲ್ಯ ಲೋಹದ ಕೆಲಸದಲ್ಲಿ ಉಳಿಕೆ ಯಾರ ಜವಾಬ್ದಾರಿ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಅದು ಊರಿನವರ ಪಾಲಾಗುತ್ತದೆ.

ಮನೆಯಲ್ಲಿ ಯಾಕೆ ಮಾಡಬಾರದು?

ಕ್ಯಾಟ್‌ಕಾನ್ ಒಡೆದು, ಆಮ್ಲದಲ್ಲಿ ಮುಳುಗಿಸಿ, ಮನೆಯಲ್ಲೇ ಪ್ಲಾಟಿನಂ ತೆಗೆಯಬಹುದು ಎಂದು ತೋರಿಸುವ ವಿಡಿಯೋಗಳು ಅಂತರ್ಜಾಲದಲ್ಲಿ ಸಾಕಷ್ಟಿವೆ. ವೊಲಾಸ್ಟನ್ ಮನೆಯ ಹಿಂದೆ ಮಾಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಿದರು. ಆದರೆ ಈ ಕೆಲಸ ದೇಹಕ್ಕೆ ಏನು ಮಾಡುತ್ತದೆ ಎಂಬ ಅರಿವು ಅವರ ಕಾಲಕ್ಕೆ ಇರಲಿಲ್ಲ. ನಮಗೆ ಇದೆ.

ಮೊದಲನೆಯದು, ಆಕ್ವಾ ರೀಜಿಯಾದಿಂದ ಏಳುವ ಅನಿಲಗಳು. ಕ್ಲೋರಿನ್ ಕೂಡಲೇ ಕಣ್ಣು, ಗಂಟಲು ಸುಡುತ್ತದೆ. ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಇನ್ನೂ ಮೋಸಗಾರ. ಉಸಿರಾಡಿದಾಗ ಸ್ವಲ್ಪ ಕೆಮ್ಮು ಬಂದು ಸರಿಹೋದಂತೆ ಅನ್ನಿಸಿ, ಎಷ್ಟೋ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎರಡನೆಯದು, ಅದೇ ಹಳದಿ ಪುಡಿ. ಪ್ಲಾಟಿನಂ ಲೋಹ ಮೈಗೆ ತಾಗಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಕ್ಲೋರಿನ್ ಸೇರಿದ ಅದರ ಲವಣಗಳು ತೀವ್ರ ಅಲರ್ಜಿ ಮತ್ತು ಅಸ್ತಮಾ ತರುತ್ತವೆ. ಲಂಡನ್ನಿನ ಪ್ಲಾಟಿನಂ ಶುದ್ಧೀಕರಣ ಘಟಕಗಳ ಕೆಲಸಗಾರರಲ್ಲಿ ಇದನ್ನು 1945ರಲ್ಲಿ ವಿವರವಾಗಿ ದಾಖಲಿಸಿದರು. ಒಮ್ಮೆ ಅಲರ್ಜಿ ಬಂದವರಿಗೆ ಆಮೇಲೆ ತುಂಬ ಸಣ್ಣ ಪ್ರಮಾಣವೂ ಉಬ್ಬಸ ತರಿಸುತ್ತದೆ. ಮೂರನೆಯದು, ಸೆರಾಮಿಕ್ ಒಡೆಯುವಾಗ ಏಳುವ ನುಣ್ಣನೆಯ ಧೂಳು.

ನಾಲ್ಕನೆಯದು, ಉಳಿದ ನೀರು. ಮಂಡ್ಯದ ಹೊಲಗಳಿಗೆ ನೀರು ಬರುವುದು ವಿಶ್ವೇಶ್ವರಯ್ಯ ನಾಲೆಯಿಂದ. ಮದ್ದೂರಿನ ಪಕ್ಕದಲ್ಲಿ ಶಿಂಷಾ ಹರಿಯುತ್ತದೆ. ಯಾರೋ ಒಬ್ಬರು ಹಿತ್ತಿಲಲ್ಲಿ ಅರ್ಧಂಬರ್ಧ ಲೋಹ ತೆಗೆದು ಚರಂಡಿಗೆ ಚೆಲ್ಲುವ ಆಮ್ಲ ಕೊನೆಗೆ ಹೋಗುವುದು ಇಂತಹ ನೀರಿಗೇ. ಚೆಲ್ಲುವ ಆ ನೀರಿನ ಜೊತೆ ರೋಡಿಯಂ ಕೂಡ ಹೋಗುತ್ತದೆ. ಹಿತ್ತಿಲ ವಿಧಾನದಲ್ಲಿ ಸಿಗುವುದು ಸ್ವಲ್ಪ, ಚೆಲ್ಲಿ ಹೋಗುವುದು ಬಹಳ.

ಸರಿಯಾದ ಘಟಕಗಳಲ್ಲಿ ಸೆರಾಮಿಕ್ ಅನ್ನು ಮುಚ್ಚಿದ ವ್ಯವಸ್ಥೆಯಲ್ಲಿ ಪುಡಿಮಾಡಿ, ಮಾದರಿ ತೆಗೆದು ಎಷ್ಟು ಲೋಹ ಇದೆ ಎಂದು ಅಳೆಯುತ್ತಾರೆ. ಬಳಿಕ ಕುಲುಮೆಯಲ್ಲಿ ತಾಮ್ರ ಅಥವಾ ಕಬ್ಬಿಣದ ಜೊತೆ ಕರಗಿಸುತ್ತಾರೆ. ಸೆರಾಮಿಕ್ ಕಿಟ್ಟವಾಗಿ ಮೇಲೆ ತೇಲುತ್ತದೆ, ಅಮೂಲ್ಯ ಲೋಹಗಳು ಕೆಳಗಿನ ಲೋಹಕ್ಕೆ ಸೇರುತ್ತವೆ. ಅದನ್ನು ಆಮ್ಲ ಮತ್ತು ಕ್ಲೋರಿನ್‌ನಲ್ಲಿ ಕರಗಿಸಿ ಒಂದೊಂದಾಗಿ ಬೇರ್ಪಡಿಸುತ್ತಾರೆ. ಇಂದು ಇದಕ್ಕೆ ಹೊಸ ದ್ರಾವಕಗಳು, ಅಯಾನು ವಿನಿಮಯ ರಾಳಗಳು ಬಂದಿವೆ. ಪ್ಲಾಟಿನಂ ಅನ್ನು ಅಮೋನಿಯಂ ಕ್ಲೋರೈಡ್‌ನಿಂದ ಹಳದಿ ಪುಡಿಯಾಗಿ ಇಳಿಸುವ ಹಂತ ಮಾತ್ರ ಎಷ್ಟೋ ಕಡೆ ಇನ್ನೂ ಉಳಿದಿದೆ. ಹೊಗೆಯನ್ನು ತೊಳೆಯಲು, ನೀರನ್ನು ಸಂಸ್ಕರಿಸಲು ವ್ಯವಸ್ಥೆ ಇರುತ್ತದೆ. ಉಳಿಕೆ ಮತ್ತೆ ಕುಲುಮೆಗೇ ಹೋಗುತ್ತದೆ.

ನಾವೇನು ಮಾಡಬಹುದು?

ವೊಲಾಸ್ಟನ್‌ರಿಂದ ಕಲಿಯಬೇಕಾದದ್ದು ಆಮ್ಲದ ಪಾಕವಲ್ಲ, ಉಳಿದದ್ದರ ಲೆಕ್ಕ ಇಡುವ ಅಭ್ಯಾಸ. ಗಾಡಿ ಇರುವವರಿಗೆ ಅದು ಕಷ್ಟವೇನಲ್ಲ.

ಗ್ಯಾರೇಜಿನಲ್ಲಿ ಕ್ಯಾಟ್‌ಕಾನ್ ಬದಲಿಸಿದರೆ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿ. ಅದು ಬೆಲೆಯಿಲ್ಲದ ಗುಜರಿ ಎಂಬ ಮಾತು ನಂಬಬೇಡಿ. ಮೈಲೇಜ್ ಹೆಚ್ಚುತ್ತದೆ ಎಂದು ಚೆನ್ನಾಗಿರುವ ಕ್ಯಾಟ್‌ಕಾನ್ ತೆಗೆಸಬೇಡಿ. ತೆಗೆದ ಗಾಡಿಯ ವಿಷಾನಿಲ ನಿಮ್ಮ ಬೀದಿಯ ಮಕ್ಕಳ ಮೂಗಿಗೇ ಬರುತ್ತದೆ, ಅದು ನಿಯಮಕ್ಕೂ ವಿರುದ್ಧ. ಹಳೆಯ ಗಾಡಿಯನ್ನು ಗುಜರಿಗೆ ಹಾಕುವಾಗ ಸರ್ಕಾರದಲ್ಲಿ ನೋಂದಾಯಿತವಾದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಪ್ರಮಾಣಪತ್ರ ಪಡೆಯಿರಿ. ಮೆಕ್ಯಾನಿಕ್‌ಗಳಿಗೆ ನಮ್ಮ ಮನವಿ ಇಷ್ಟೇ: ಡಬ್ಬಿಯನ್ನು ಕತ್ತರಿಸಿ ಒಳಗಿನದನ್ನು ಒಡೆಯಬೇಡಿ, ಇಡಿಯಾಗಿ ಕೊಡಿ. ಒಡೆದಾಗ ಹಾರುವ ಧೂಳಿನಲ್ಲಿ ನಿಮ್ಮ ಆರೋಗ್ಯವೂ ಹೋಗುತ್ತದೆ, ಅದರಲ್ಲಿರುವ ಪಲ್ಲಾಡಿಯಂ, ರೋಡಿಯಂ ಕೂಡ ಹೋಗುತ್ತವೆ.